ಮನೆ ಕುಟುಂಬದ್ದು, ನೆಲ ಊರಿನದು: ಬರ್ಲಿಂಗ್ಟನ್ ನಗರದ ವಸತಿ ಟ್ರಸ್ಟ್ ತೋರಿದ ದಾರಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಕಷ್ಟವಿದ್ದುದು ಕಟ್ಟುವ ಕೆಲಸದಲ್ಲಿ. ಇಂದಿನ ನಗರಗಳಲ್ಲಿ ಆ ಕಷ್ಟ ಪಾಯ ತೋಡುವುದಕ್ಕೂ ಮೊದಲೇ ಆರಂಭವಾಗುತ್ತದೆ. ಇಟ್ಟಿಗೆ, ಸಿಮೆಂಟು, ಕಬ್ಬಿಣಗಳಿಗೆ ತಗಲುವ ವೆಚ್ಚಕ್ಕಿಂತ ಅವು ನಿಲ್ಲಬೇಕಾದ ನೆಲದ ಬೆಲೆಯೇ ಎಷ್ಟೋ ಬಡಾವಣೆಗಳಲ್ಲಿ ಹೆಚ್ಚು. ದುಡಿದು ತಿನ್ನುವ ಕುಟುಂಬವೊಂದು ಹತ್ತು ವರ್ಷ ಉಳಿತಾಯ ಮಾಡಿ ಮುಂಗಡ ಹಣ ಹೊಂದಿಸುವಷ್ಟರಲ್ಲಿ ನಿವೇಶನದ ಬೆಲೆ ಅದರ ಕೈಗೆ ಎಟುಕದಷ್ಟು ಮೇಲೇರಿರುತ್ತದೆ.

ಸರ್ಕಾರ ಸಹಾಯಧನ ಕೊಟ್ಟರೆ ಒಂದು ಕುಟುಂಬಕ್ಕೆ ಸೂರು ದೊರೆಯುತ್ತದೆ, ನಿಜ. ಆದರೆ ಆ ಕುಟುಂಬ ಕೆಲವು ವರ್ಷಗಳ ಬಳಿಕ ಮಾರುಕಟ್ಟೆ ದರಕ್ಕೆ ಮನೆಯನ್ನು ಮಾರಿದ ದಿನವೇ ಸಾರ್ವಜನಿಕ ಹಣವೂ ಮನೆಯೊಡನೆ ಕೈಬಿಟ್ಟುಹೋಗುತ್ತದೆ. ಮುಂದಿನ ಬಡ ಕುಟುಂಬಕ್ಕೆ ಮತ್ತೆ ಮೊದಲಿನಿಂದ, ಅದೂ ಮೊದಲಿಗಿಂತ ದೊಡ್ಡ ಮೊತ್ತದ ನೆರವು ಬೇಕಾಗುತ್ತದೆ. ಈ ಸೋರಿಕೆಯನ್ನು ತಡೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ನಾಲ್ಕು ದಶಕಗಳಿಂದ ಉತ್ತರ ಹುಡುಕುತ್ತಿರುವ ಸಂಸ್ಥೆಯೊಂದು ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರದಲ್ಲಿದೆ. ಅದರ ಹೆಸರು ಶಾಂಪ್ಲೇನ್ ಹೌಸಿಂಗ್ ಟ್ರಸ್ಟ್. ಲಾಭದ ಉದ್ದೇಶವಿಲ್ಲದ ಈ ಸ್ಥಳೀಯ ಸಂಸ್ಥೆ ಅನುಸರಿಸುವ ಪದ್ಧತಿಯ ಮೂಲ ವಿಚಾರಗಳಲ್ಲಿ ಭಾರತದ ಭೂದಾನ, ಗ್ರಾಮದಾನ ಚಳವಳಿಗಳೂ ಸೇರಿವೆ ಎಂಬುದು ಗಮನಾರ್ಹ.

ಒಂದು ಸಣ್ಣ ನಗರದ ದೊಡ್ಡ ಸಮಸ್ಯೆ

ಬರ್ಲಿಂಗ್ಟನ್ ಶಾಂಪ್ಲೇನ್ ಸರೋವರದ ದಂಡೆಯ ಮೇಲಿರುವ ನಗರ. ವರ್ಮಾಂಟ್ ರಾಜ್ಯದ ಅತಿ ದೊಡ್ಡ ನಗರವೆನಿಸಿಕೊಂಡರೂ 1980ರ ಜನಗಣತಿಯಲ್ಲಿ ಅದರ ಜನಸಂಖ್ಯೆ 38 ಸಾವಿರವನ್ನೂ ಮುಟ್ಟಿರಲಿಲ್ಲ. ರಾಜ್ಯದ ವಿಶ್ವವಿದ್ಯಾಲಯ ಇಲ್ಲಿರುವುದರಿಂದ ವಿದ್ಯಾರ್ಥಿಗಳು ಬಾಡಿಗೆ ಮನೆಗಳಿಗೆ ಪೈಪೋಟಿ ನಡೆಸುತ್ತಿದ್ದರು. ಸರೋವರದ ನೋಟಕ್ಕೆ ಮನಸೋತ ಹಣವಂತರು ಮನೆ ಕೊಳ್ಳಲು ಬರುತ್ತಿದ್ದರು. ಇವೆರಡರ ನಡುವೆ ಓಲ್ಡ್ ನಾರ್ತ್ ಎಂಡ್‌ನಂತಹ ಹಳೆಯ ಕೇರಿಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಕಾರ್ಮಿಕ ಕುಟುಂಬಗಳಿಗೆ ತಮ್ಮ ಊರಿನಲ್ಲೇ ಉಳಿಯುವುದು ದುಬಾರಿಯಾಗತೊಡಗಿತು.

1981ರ ಮಾರ್ಚ್‌ನಲ್ಲಿ ನಡೆದ ಚುನಾವಣೆಯಲ್ಲಿ ಬರ್ನಿ ಸ್ಯಾಂಡರ್ಸ್ ಕೇವಲ 10 ಮತಗಳ ಅಂತರದಿಂದ ಬರ್ಲಿಂಗ್ಟನ್ನಿನ ಮೇಯರ್ ಆಗಿ ಆಯ್ಕೆಯಾದರು. ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಆಡಳಿತ ವಸತಿ ಯೋಜನೆಗಳಿಗೆ ಕೊಡುತ್ತಿದ್ದ ಕೇಂದ್ರದ ಅನುದಾನವನ್ನು ಕಡಿತಗೊಳಿಸುತ್ತಿದ್ದ ಕಾಲವದು. ಬರುವ ಅಲ್ಪ ಹಣವೂ ಒಮ್ಮೆ ಖರ್ಚಾದರೆ ಮತ್ತೆ ದೊರೆಯುವ ಭರವಸೆಯಿರಲಿಲ್ಲ. ಆದ್ದರಿಂದ ಒಮ್ಮೆ ಹಾಕಿದ ಹಣ ಶಾಶ್ವತವಾಗಿ ಬಡವರ ಮನೆಗಳಲ್ಲೇ ಉಳಿಯುವಂತಹ ವ್ಯವಸ್ಥೆ ನಗರಾಡಳಿತಕ್ಕೆ ಬೇಕಾಗಿತ್ತು. ಈ ಹುಡುಕಾಟದ ಫಲವಾಗಿ 1984ರಲ್ಲಿ ನಗರಾಡಳಿತದ 2 ಲಕ್ಷ ಡಾಲರ್ ಮೂಲಧನದೊಂದಿಗೆ 'ಬರ್ಲಿಂಗ್ಟನ್ ಸಮುದಾಯ ಭೂ ಟ್ರಸ್ಟ್' ಸ್ಥಾಪನೆಯಾಯಿತು.

ಆರಂಭದಲ್ಲಿ ವಿರೋಧವೂ ಕಡಿಮೆಯಿರಲಿಲ್ಲ. ನೆಲದ ಒಡೆತನವಿಲ್ಲದ ಮನೆಯನ್ನು ಸ್ವಂತ ಮನೆ ಎನ್ನಬಹುದೇ ಎಂದು ಕೆಲವರು ಪ್ರಶ್ನಿಸಿದರು. ಸುತ್ತಲಿನ ಆಸ್ತಿಗಳ ಬೆಲೆ ಕುಸಿದೀತೆಂದು ಮತ್ತೆ ಕೆಲವರು ಆತಂಕಪಟ್ಟರು. ಗುತ್ತಿಗೆ ನೆಲದ ಮೇಲಿನ ಮನೆಗೆ ಸಾಲ ನೀಡಲು ಬ್ಯಾಂಕುಗಳೂ ಹಿಂದೆಮುಂದೆ ನೋಡಿದವು. ವರ್ಷಗಳು ಕಳೆದು ಕಂತುಗಳು ಸರಿಯಾಗಿ ಸಂದಾಯವಾಗುತ್ತಿರುವುದು ಕಂಡ ಮೇಲೆ ಈ ಅನುಮಾನ ಕ್ರಮೇಣ ಕರಗಿತು. 2006ರಲ್ಲಿ ಈ ಟ್ರಸ್ಟ್, ಬಾಡಿಗೆ ಮನೆಗಳ ನಿರ್ಮಾಣದಲ್ಲಿ ತೊಡಗಿದ್ದ ಮತ್ತೊಂದು ಸ್ಥಳೀಯ ಸಂಸ್ಥೆಯೊಡನೆ ವಿಲೀನಗೊಂಡು ಶಾಂಪ್ಲೇನ್ ಹೌಸಿಂಗ್ ಟ್ರಸ್ಟ್ ಎಂಬ ಹೆಸರು ಪಡೆಯಿತು. 2008ರಲ್ಲಿ ವಿಶ್ವ ವಸತಿ ಪ್ರಶಸ್ತಿಗೂ ಪಾತ್ರವಾಯಿತು.

ಪದ್ಧತಿಯ ತಿರುಳು

ಸಾಮಾನ್ಯವಾಗಿ ಮನೆಯೊಂದನ್ನು ಕೊಳ್ಳುವವರು ಕಟ್ಟಡ ಮತ್ತು ನೆಲ ಎರಡನ್ನೂ ಒಟ್ಟಿಗೆ ಕೊಳ್ಳುತ್ತಾರೆ. ಸಮುದಾಯ ಭೂ ಟ್ರಸ್ಟ್ ಪದ್ಧತಿಯಲ್ಲಿ ಇವೆರಡನ್ನೂ ಬೇರ್ಪಡಿಸಲಾಗುತ್ತದೆ. ನೆಲ ಟ್ರಸ್ಟ್‌ನ ಹೆಸರಿನಲ್ಲಿ ಉಳಿಯುತ್ತದೆ. ಅದರ ಮೇಲಿರುವ ಮನೆಯನ್ನು ಮಾತ್ರ ಕುಟುಂಬ ಕೊಳ್ಳುತ್ತದೆ. ನೆಲವನ್ನು ಕುಟುಂಬಕ್ಕೆ ದೀರ್ಘಾವಧಿಯ ಗುತ್ತಿಗೆಗೆ ಕೊಡಲಾಗುತ್ತದೆ. ಅಮೆರಿಕದ ಇಂತಹ ಟ್ರಸ್ಟ್‌ಗಳಲ್ಲಿ ಈ ಅವಧಿ ಸಾಮಾನ್ಯವಾಗಿ 99 ವರ್ಷ. ಗುತ್ತಿಗೆಯನ್ನು ನವೀಕರಿಸಬಹುದು, ಮಕ್ಕಳಿಗೆ ಉತ್ತರಾಧಿಕಾರವಾಗಿಯೂ ಬರುತ್ತದೆ. ಬಹುಮಹಡಿ ಕಟ್ಟಡದ ಫ್ಲಾಟುಗಳಿಗೆ ನೆಲವನ್ನು ಹೀಗೆ ಬೇರ್ಪಡಿಸುವುದು ಕಷ್ಟವಾದ್ದರಿಂದ ಇದೇ ಷರತ್ತುಗಳನ್ನು ಕ್ರಯಪತ್ರದೊಂದಿಗೆ ನೋಂದಾಯಿಸುವ ಕ್ರಮವಿದೆ.

ಮನೆ ಬಯಸುವ ಕುಟುಂಬದ ಆದಾಯ ನಿಗದಿತ ಮಿತಿಯೊಳಗಿರಬೇಕು. ಆದರೆ ಸಾಲದ ಕಂತು ಕಟ್ಟುವ ಶಕ್ತಿಯೂ ಇರಬೇಕು. ಅರ್ಜಿದಾರರಿಗೆ ಮನೆ ಖರೀದಿಯ ಕುರಿತು ತರಗತಿಗಳನ್ನು ನಡೆಸಲಾಗುತ್ತದೆ. ತಿಂಗಳ ಆಯವ್ಯಯ, ಹಳೆಯ ಸಾಲಗಳ ತೀರುವಳಿ, ಗೃಹಸಾಲದ ಬಡ್ಡಿಯ ಲೆಕ್ಕ, ವಿಮೆ, ದುರಸ್ತಿ ಇವೆಲ್ಲವನ್ನೂ ಅಲ್ಲಿ ತಿಳಿಸಿಕೊಡುತ್ತಾರೆ. ಸಿದ್ಧತೆ ಸಾಲದೆಂದು ಕಂಡುಬಂದರೆ ಸಲಹೆಗಾರರು ಕೆಲವು ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ ಆ ಕುಟುಂಬದೊಡನೆ ಕೆಲಸ ಮಾಡುತ್ತಾರೆ. ಮನೆ ಸಿಕ್ಕ ಬಳಿಕ ಕುಟುಂಬ ಅಲ್ಲಿಯೇ ವಾಸಿಸಬೇಕು; ಬಾಡಿಗೆಗೆ ಬಿಟ್ಟು ಬೇರೆಡೆ ಇರುವಂತಿಲ್ಲ. ಆಸ್ತಿ ತೆರಿಗೆಯನ್ನೂ ಕಟ್ಟಬೇಕು.

ಉಳಿದ ವಿಷಯಗಳಲ್ಲಿ ಅದು ಸ್ವಂತ ಮನೆಯೇ. ಬಾಡಿಗೆದಾರರನ್ನು ಎಬ್ಬಿಸುವಂತೆ ಯಾರೂ ಎಬ್ಬಿಸುವಂತಿಲ್ಲ, ವರ್ಷ ವರ್ಷ ಬಾಡಿಗೆ ಏರಿಸುವ ಮಾಲೀಕನಿಲ್ಲ, ಕಟ್ಟಿದ ಪ್ರತಿ ಕಂತಿನ ಅಸಲು ಕುಟುಂಬದ ಗಳಿಕೆಯೇ ಆಗುತ್ತದೆ.

ಮಾರುವಾಗಿನ ಲೆಕ್ಕ

ಈ ಪದ್ಧತಿಯ ನಿಜವಾದ ವಿಶೇಷ ಕಾಣುವುದು ಮನೆಯನ್ನು ಮಾರುವಾಗ. ಮಾರುಕಟ್ಟೆ ಬೆಲೆಗೆ ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಇಲ್ಲಿಲ್ಲ. ಮನೆಯನ್ನು ಮೊದಲು ಕೊಳ್ಳುವ ಹಕ್ಕು ಟ್ರಸ್ಟ್‌ನದು. ಬೆಲೆಯನ್ನು ನಿರ್ಧರಿಸುವ ಸೂತ್ರವನ್ನು ಗುತ್ತಿಗೆ ಪತ್ರದಲ್ಲೇ ಬರೆದಿರುತ್ತದೆ. ಬರ್ಲಿಂಗ್ಟನ್ನಿನ ಸೂತ್ರದ ಪ್ರಕಾರ ಕುಟುಂಬಕ್ಕೆ ಅದು ಹಾಕಿದ ಹಣ, ತೀರಿಸಿದ ಅಸಲು, ಒಪ್ಪಿತ ಸುಧಾರಣೆಗಳ ಮೌಲ್ಯ ಹಿಂದಿರುಗುತ್ತದೆ. ಅದರ ಮೇಲೆ ಮನೆಯ ಮೌಲ್ಯದಲ್ಲಾದ ಏರಿಕೆಯ ಶೇ. 25ರಷ್ಟು ದೊರೆಯುತ್ತದೆ. ಉಳಿದ ಶೇ. 75 ಮನೆಯಲ್ಲೇ ಉಳಿದು ಮುಂದಿನ ಕುಟುಂಬಕ್ಕೆ ಬೆಲೆಯನ್ನು ತಗ್ಗಿಸುತ್ತದೆ.

ಲೆಕ್ಕ ತಿಳಿಯಲು ಒಂದು ಊಹೆಯ ಉದಾಹರಣೆ ಕೊಡಬಹುದು. ಮನೆಯೊಂದರ ಮಾರುಕಟ್ಟೆ ಮೌಲ್ಯ 2,00,000 ಡಾಲರ್ ಎಂದಿಟ್ಟುಕೊಳ್ಳೋಣ. ಸರ್ಕಾರದ ಸಹಾಯಧನ 50,000 ಡಾಲರ್ ಸೇರಿದರೆ ಕುಟುಂಬಕ್ಕೆ ಬೀಳುವ ಬೆಲೆ 1,50,000 ಡಾಲರ್. ಹತ್ತು ವರ್ಷಗಳ ಬಳಿಕ ಆ ಮನೆಯ ಮೌಲ್ಯ 2,60,000 ಡಾಲರ್ ಆಯಿತೆಂದರೆ ಏರಿಕೆ 60,000 ಡಾಲರ್. ಅದರಲ್ಲಿ ಶೇ. 25 ಎಂದರೆ 15,000 ಡಾಲರ್ ಮಾರುವ ಕುಟುಂಬದ ಪಾಲು. ಎರಡನೆಯ ಕುಟುಂಬಕ್ಕೆ ಮನೆ ಸಿಗುವುದು 1,65,000 ಡಾಲರಿಗೆ. ಅಂದರೆ ಮಾರುಕಟ್ಟೆಗಿಂತ 95,000 ಡಾಲರ್ ಕಡಿಮೆಗೆ. ಈ ಎರಡನೆಯ ಮಾರಾಟಕ್ಕೆ ಸರ್ಕಾರ ಹೊಸದಾಗಿ ಒಂದು ಡಾಲರನ್ನೂ ಕೊಡಬೇಕಾಗಿಲ್ಲ. ಮೊದಲು ಹಾಕಿದ 50,000 ಡಾಲರ್ ಕರಗುವ ಬದಲು ಬೆಳೆದಿರುತ್ತದೆ.

ಮೊದಲ ಕುಟುಂಬವೂ ಬರಿಗೈಯಲ್ಲಿ ಹೋಗುವುದಿಲ್ಲ. ಕಟ್ಟಿದ ಅಸಲಿನ ಜೊತೆಗೆ ಏರಿಕೆಯ ಪಾಲು ಸೇರಿ ಬೇರೊಂದು ಮನೆಯ ಮುಂಗಡಕ್ಕೆ ಸಾಕಾಗುವಷ್ಟು ಹಣ ಅನೇಕರ ಕೈಗೆ ಬಂದಿದೆ. 2008ರವರೆಗೆ ಈ ಟ್ರಸ್ಟ್‌ನ 205 ಮನೆಗಳ ಮರುಮಾರಾಟಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮನೆ ಮಾರಿ ಹೋದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಮಾರುಕಟ್ಟೆಯಲ್ಲಿ ಮನೆ ಕೊಂಡಿದ್ದರು. ಮರುಮಾರಾಟವಾದ ಮನೆಗಳು ಮೊದಲ ಕುಟುಂಬಕ್ಕೆ ಎಷ್ಟು ಕೈಗೆಟುಕುತ್ತಿದ್ದವೋ ಮುಂದಿನ ಕುಟುಂಬಕ್ಕೂ ಸರಾಸರಿ ಅಷ್ಟೇ ಕೈಗೆಟುಕುವಂತೆ ಉಳಿದಿದ್ದವು.

ಪೋಚಂಪಳ್ಳಿಯಿಂದ ಜಾರ್ಜಿಯಾದವರೆಗೆ

ನೆಲ ಯಾರೊಬ್ಬರ ವ್ಯಾಪಾರದ ಸರಕಾಗಬಾರದು ಎಂಬ ವಿಚಾರ ಬರ್ಲಿಂಗ್ಟನ್ನಿನಲ್ಲಿ ಹುಟ್ಟಿದ್ದಲ್ಲ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಹೀನ ದಲಿತ ಕುಟುಂಬಗಳು ವಿನೋಬಾ ಭಾವೆಯವರ ಮುಂದೆ 80 ಎಕರೆ ನೆಲದ ಬೇಡಿಕೆಯಿಟ್ಟವು. ಊರಿನ ಜಮೀನುದಾರರೊಬ್ಬರು ಸ್ಥಳದಲ್ಲೇ 100 ಎಕರೆ ಕೊಡಲು ಮುಂದಾದರು. ಭೂದಾನ ಚಳವಳಿ ಹುಟ್ಟಿದ್ದು ಹೀಗೆ. ಆದರೆ ದಾನವಾಗಿ ಬಂದ ನೆಲವನ್ನು ಬಡವನೊಬ್ಬನಿಗೆ ಬರೆದುಕೊಟ್ಟರೆ ಕಷ್ಟಕಾಲದಲ್ಲಿ ಅದು ಸಾಲಗಾರನ ಪಾಲಾಗುವ ಅಪಾಯವಿತ್ತು. ಆದ್ದರಿಂದ ನೆಲದ ಒಡೆತನ ಇಡೀ ಗ್ರಾಮದ್ದಾಗಿ, ಉಳುಮೆಯ ಹಕ್ಕು ಮಾತ್ರ ಕುಟುಂಬದ್ದಾಗಿರಬೇಕೆಂಬ ಗ್ರಾಮದಾನದ ವಿಚಾರ ಬಲಗೊಂಡಿತು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಸಮೀಪದ ಇಲವಾಲದಲ್ಲಿ ವಿನೋಬಾ ಅವರ ಸಮ್ಮುಖದಲ್ಲಿ ಗ್ರಾಮದಾನ ಸಮ್ಮೇಳನ ನಡೆಯಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ಜವಾಹರಲಾಲ್ ನೆಹರೂ ಮೊದಲಾಗಿ ವಿವಿಧ ಪಕ್ಷಗಳ ನಾಯಕರು ಅಲ್ಲಿ ಸೇರಿ ಈ ವಿಚಾರಕ್ಕೆ ಬೆಂಬಲ ಸೂಚಿಸಿದರು.

ಅಮೆರಿಕದ ಚಿಂತಕ ರಾಲ್ಫ್ ಬೊರ್ಸೋಡಿ ಭಾರತದಲ್ಲಿ ಕೆಲಕಾಲವಿದ್ದು ಗ್ರಾಮದಾನದ ಪ್ರಯೋಗಗಳಿಂದ ಪ್ರಭಾವಿತರಾಗಿದ್ದರು. ಅವರ ಸಹವರ್ತಿ ರಾಬರ್ಟ್ ಸ್ವಾನ್, ಜಾರ್ಜಿಯಾ ರಾಜ್ಯದ ಆಲ್ಬನಿಯ ನಾಗರಿಕ ಹಕ್ಕುಗಳ ನಾಯಕ ಸ್ಲೇಟರ್ ಕಿಂಗ್ ಹಾಗೂ ಚಾರ್ಲ್ಸ್ ಶೆರಾಡ್ ಅವರೊಡನೆ ಸೇರಿ ಈ ವಿಚಾರವನ್ನು ತಮ್ಮ ನೆಲಕ್ಕೆ ಒಗ್ಗಿಸಲು ಮುಂದಾದರು. ಮತದಾನದ ಹಕ್ಕು ಕೇಳಿದ ತಪ್ಪಿಗೆ ಕಪ್ಪು ಜನಾಂಗದ ಗೇಣಿದಾರರನ್ನು ಜಮೀನುಗಳಿಂದ ಹೊರಹಾಕಲಾಗುತ್ತಿದ್ದ ದಿನಗಳವು. ಗುತ್ತಿಗೆ ಪದ್ಧತಿಯನ್ನು ಅಭ್ಯಸಿಸಲು 1968ರಲ್ಲಿ ಈ ತಂಡ ಇಸ್ರೇಲಿಗೂ ಹೋಗಿಬಂದಿತು. 1969ರಲ್ಲಿ 'ನ್ಯೂ ಕಮ್ಯುನಿಟೀಸ್' ಎಂಬ ಸಂಸ್ಥೆ ಸ್ಥಾಪನೆಯಾಗಿ ಸುಮಾರು 5,700 ಎಕರೆ ನೆಲವನ್ನು ಕೊಂಡಿತು. ಅಮೆರಿಕದ ಮೊತ್ತಮೊದಲ ಸಮುದಾಯ ಭೂ ಟ್ರಸ್ಟ್ ಎಂದು ಇದನ್ನೇ ಗುರುತಿಸಲಾಗುತ್ತದೆ.

ಆ ಪ್ರಯೋಗ ಸುಖಾಂತವಾಗಲಿಲ್ಲ. ವಸತಿ ನಿರ್ಮಾಣಕ್ಕೆ ನಿರೀಕ್ಷಿಸಿದ ಸರ್ಕಾರಿ ನೆರವು ಬರಲಿಲ್ಲ. ಬರಗಾಲದ ವರ್ಷಗಳಲ್ಲಿ ತುರ್ತು ಕೃಷಿಸಾಲವೂ ಸಕಾಲಕ್ಕೆ ದೊರೆಯಲಿಲ್ಲ. 1985ರಲ್ಲಿ ನೆಲವೇ ಕೈತಪ್ಪಿತು. ಸಾಲ ನೀಡಿಕೆಯಲ್ಲಿ ಜನಾಂಗ ತಾರತಮ್ಯ ನಡೆದಿತ್ತೆಂಬ ದಾವೆಯಲ್ಲಿ 2009ರಲ್ಲಿ ಸಂಸ್ಥೆಗೆ ಸುಮಾರು 1.2 ಕೋಟಿ ಡಾಲರ್ ಪರಿಹಾರ ದೊರೆಯಿತು. 2011ರಲ್ಲಿ ಅದು ಆಲ್ಬನಿಯ ಬಳಿ ಸುಮಾರು 1,600 ಎಕರೆಯ ಎಸ್ಟೇಟೊಂದನ್ನು ಕೊಂಡು ಕೆಲಸವನ್ನು ಮತ್ತೆ ಆರಂಭಿಸಿತು. ಆದರೆ ಅಷ್ಟರಲ್ಲಿ ಹಳ್ಳಿಯ ಹೊಲಗಳಿಗೆಂದು ರೂಪಿಸಿದ ಆ ಮಾದರಿ ನಗರಗಳ ಕೇರಿಗಳಲ್ಲಿ ಬೇರು ಬಿಟ್ಟಿತ್ತು. 1980ರ ದಶಕದ ಆರಂಭದಲ್ಲಿ ಸಿನ್ಸಿನಾಟಿ ನಗರ ಅದನ್ನು ಅಳವಡಿಸಿಕೊಂಡಿತು. ಸ್ಥಳೀಯ ಸರ್ಕಾರವೇ ಮುಂದೆ ನಿಂತು ಹಣ ಕೊಟ್ಟು ಬೆಳೆಸಿದ್ದು ಬರ್ಲಿಂಗ್ಟನ್ನಿನ ಹೆಗ್ಗಳಿಕೆ.

ಆಡಳಿತದಲ್ಲಿ ಯಾರ ಮಾತು?

ನೆಲ ಟ್ರಸ್ಟ್‌ನದಾದರೆ ಟ್ರಸ್ಟ್ ಯಾರದು ಎಂಬ ಪ್ರಶ್ನೆ ಸಹಜ. ಜಮೀನುದಾರನ ಜಾಗದಲ್ಲಿ ಸಂಸ್ಥೆಯೊಂದು ಬಂದು ಕುಳಿತರೆ ಬಡವನಿಗೆ ಆದ ಲಾಭವೇನು? ಈ ಅಪಾಯವನ್ನು ಊಹಿಸಿಯೇ ಆಡಳಿತ ಮಂಡಳಿಯನ್ನು ಮೂರು ಭಾಗಗಳಾಗಿ ಹಂಚುವ ಕ್ರಮ ಬಂದಿದೆ. ಮೂರನೇ ಒಂದು ಭಾಗ ಟ್ರಸ್ಟ್‌ನ ಮನೆಗಳಲ್ಲಿ ವಾಸಿಸುವವರಿಗೆ, ಇನ್ನೊಂದು ಭಾಗ ಆ ಪ್ರದೇಶದ ಇತರ ನಿವಾಸಿಗಳಿಗೆ, ಮಿಕ್ಕ ಭಾಗ ಸ್ಥಳೀಯ ಸರ್ಕಾರ ಮತ್ತು ಸಾರ್ವಜನಿಕ ಹಿತವನ್ನು ಪ್ರತಿನಿಧಿಸುವವರಿಗೆ. ಮನೆಯೊಳಗಿರುವವರು ಬೆಲೆ ಏರಿಸಿಕೊಳ್ಳಲು ಬಯಸಿದರೆ ಮನೆಗಾಗಿ ಕಾಯುವವರ ಪರವಾಗಿ ಮಾತಾಡಲು ಇನ್ನೊಂದು ಪಕ್ಷವಿರಲಿ ಎಂಬುದು ಇದರ ಹಿಂದಿನ ತರ್ಕ.

ಮನೆಯ ಒಡೆತನಕ್ಕೆ ಸಿದ್ಧರಿಲ್ಲದವರನ್ನೂ ಟ್ರಸ್ಟ್ ಕೈಬಿಟ್ಟಿಲ್ಲ. ಬರ್ಲಿಂಗ್ಟನ್ ಇರುವ ಚಿಟೆಂಡೆನ್ ಹಾಗೂ ನೆರೆಯ ಫ್ರಾಂಕ್ಲಿನ್, ಗ್ರ್ಯಾಂಡ್ ಐಲ್ ಕೌಂಟಿಗಳಲ್ಲಿ ಅದು ಎರಡು ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ನಿರ್ವಹಿಸುತ್ತದೆ. ಒಡೆತನದ ಮನೆಗಳ ಸಂಖ್ಯೆ ಆರು ನೂರನ್ನು ಮೀರಿದೆ. ಬಾಡಿಗೆ ಮನೆಯಲ್ಲಿ ಆರಂಭಿಸಿ ಟ್ರಸ್ಟ್‌ನ ಸ್ವಂತ ಮನೆಗೆ, ಅಲ್ಲಿಂದ ಮಾರುಕಟ್ಟೆಯ ಮನೆಗೆ ಹಂತಹಂತವಾಗಿ ಏರಬಹುದಾದ ಏಣಿಯಂತೆ ಈ ವ್ಯವಸ್ಥೆ ರೂಪುಗೊಂಡಿದೆ.

2008ರ ಅಗ್ನಿಪರೀಕ್ಷೆ

ಯಾವುದೇ ವಸತಿ ಪದ್ಧತಿಯ ಗಟ್ಟಿತನ ತಿಳಿಯುವುದು ಕೆಟ್ಟ ಕಾಲದಲ್ಲಿ. 2008ರ ಆರ್ಥಿಕ ಕುಸಿತದ ಹೊತ್ತಿನಲ್ಲಿ ಅಮೆರಿಕದಾದ್ಯಂತ ಲಕ್ಷಾಂತರ ಕುಟುಂಬಗಳು ಕಂತು ಕಟ್ಟಲಾಗದೆ ಮನೆ ಕಳೆದುಕೊಂಡವು. ಆದರೆ ಸಮುದಾಯ ಭೂ ಟ್ರಸ್ಟ್‌ಗಳ ಮನೆಗಳಲ್ಲಿ ಈ ಸಂಕಟ ತೀರ ಕಡಿಮೆಯಿತ್ತು. ದೇಶದ ವಿವಿಧ ಭೂ ಟ್ರಸ್ಟ್‌ಗಳ ಕುರಿತ ಸಮೀಕ್ಷೆಯೊಂದರ ಪ್ರಕಾರ 2010ರ ಕೊನೆಯಲ್ಲಿ ಅವುಗಳ ಗೃಹಸಾಲಗಳಲ್ಲಿ ಜಪ್ತಿ ಪ್ರಕ್ರಿಯೆಗೆ ಒಳಗಾಗಿದ್ದವು ಶೇ. 0.46 ಮಾತ್ರ. ಸಾಮಾನ್ಯ ಮಾರುಕಟ್ಟೆಯ ಸಾಲಗಳಲ್ಲಿ ಈ ಪ್ರಮಾಣ ಶೇ. 4.63. ಟ್ರಸ್ಟ್‌ನ ಮನೆ ಕೊಂಡವರು ಕಡಿಮೆ ಆದಾಯದವರು ಎಂಬುದನ್ನು ನೆನೆದರೆ ಈ ಅಂತರದ ಮಹತ್ವ ಅರಿವಾಗುತ್ತದೆ.

ಇದಕ್ಕೆ ಕಾರಣಗಳೂ ಸ್ಪಷ್ಟ. ಮೋಸದ ಷರತ್ತುಗಳಿದ್ದ ಸಾಲಗಳನ್ನು ಟ್ರಸ್ಟ್‌ಗಳು ಮೊದಲೇ ತಡೆಯುತ್ತವೆ. ಕುಟುಂಬ ಕಂತು ತಪ್ಪಿಸಿದರೆ ಬ್ಯಾಂಕ್ ಟ್ರಸ್ಟ್‌ಗೆ ತಿಳಿಸಬೇಕೆಂಬ ಷರತ್ತಿರುತ್ತದೆ. ಹಾಗೆ ತಿಳಿದ ಕೂಡಲೇ ಸಲಹೆಗಾರರು ಕುಟುಂಬವನ್ನು ಭೇಟಿಯಾಗಿ ಸಾಲದ ಮರುಹೊಂದಾಣಿಕೆಗೆ ಯತ್ನಿಸುತ್ತಾರೆ. ಮನೆ ಮಾರಿ ಮರೆಯುವ ಬಿಲ್ಡರನಿಗೂ ಮನೆ ಮಾರಿದ ಮೇಲೂ ಜೊತೆಗಿರುವ ಸಂಸ್ಥೆಗೂ ಇರುವ ವ್ಯತ್ಯಾಸ ಇದೇ.

ಟೀಕೆ ಮತ್ತು ಮಿತಿ

ಈ ಪದ್ಧತಿಯನ್ನು ಟೀಕಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಮಧ್ಯಮವರ್ಗ ಮತ್ತು ಶ್ರೀಮಂತರು ತಮ್ಮ ಮನೆಯ ಬೆಲೆ ಏರಿಕೆಯ ಪೂರ್ಣ ಲಾಭ ಪಡೆಯುವಾಗ ಬಡ ಕುಟುಂಬ ಮಾತ್ರ ಕಾಲು ಭಾಗಕ್ಕೆ ತೃಪ್ತಿಪಡಬೇಕೇಕೆ ಎಂಬುದು ಅವರ ಪ್ರಶ್ನೆ. ಆಸ್ತಿಯ ಮೂಲಕವೇ ಸಂಪತ್ತು ಕೂಡಿಡುವ ಸಮಾಜದಲ್ಲಿ, ಅದರಲ್ಲೂ ತಲೆಮಾರುಗಳಿಂದ ಆಸ್ತಿಯ ಹಕ್ಕಿನಿಂದ ವಂಚಿತರಾದ ಸಮುದಾಯಗಳ ವಿಷಯದಲ್ಲಿ, ಈ ಪ್ರಶ್ನೆಗೆ ತೂಕವಿದೆ. ಮಾರುಕಟ್ಟೆಯಲ್ಲಿ ಮನೆ ಕೊಳ್ಳುವ ಅವಕಾಶವೇ ಇಲ್ಲದ ಕುಟುಂಬಕ್ಕೆ ಇರುವ ಆಯ್ಕೆ ಪೂರ್ಣ ಲಾಭ ಮತ್ತು ಕಾಲು ಲಾಭದ ನಡುವಿನದಲ್ಲ, ಕಾಲು ಲಾಭ ಮತ್ತು ಜೀವನಪೂರ್ತಿ ಬಾಡಿಗೆಯ ನಡುವಿನದು ಎಂಬುದು ಟ್ರಸ್ಟ್‌ನ ಪರ ಇರುವವರ ಉತ್ತರ.

ಎರಡನೆಯ ಮಿತಿ ಪ್ರಮಾಣದ್ದು. ನಾಲ್ಕು ದಶಕಗಳಲ್ಲಿ ನೂರರ ಲೆಕ್ಕದ ಒಡೆತನದ ಮನೆಗಳು ಬರ್ಲಿಂಗ್ಟನ್ನಿನಂತಹ ಸಣ್ಣ ನಗರಕ್ಕೆ ಗಣನೀಯವಾದರೂ ಒಟ್ಟು ಬೇಡಿಕೆಯ ಮುಂದೆ ಅಲ್ಪ. ನೆಲ ಕೊಳ್ಳಲು ಮೊದಲ ಹಣ ಸರ್ಕಾರದಿಂದಲೇ ಬರಬೇಕು. 1987ರಲ್ಲಿ ವರ್ಮಾಂಟ್ ರಾಜ್ಯ ವಸತಿ ಮತ್ತು ಭೂಸಂರಕ್ಷಣೆಗೆಂದು ಪ್ರತ್ಯೇಕ ನಿಧಿಯನ್ನು ಸ್ಥಾಪಿಸದೇ ಇದ್ದಿದ್ದರೆ ಟ್ರಸ್ಟ್ ಇಷ್ಟು ಬೆಳೆಯುವುದು ಕಷ್ಟವಿತ್ತು. ನಗರದಲ್ಲಿ ಹೊಸ ಮನೆಗಳೇ ಸಾಕಷ್ಟು ಕಟ್ಟಲ್ಪಡದಿದ್ದರೆ ಯಾವ ಟ್ರಸ್ಟ್ ಕೂಡ ಕೊರತೆಯನ್ನು ನೀಗಿಸಲಾರದು.

ಕನ್ನಡಿಗರಿಗೆ ಪರಿಚಿತ ಪ್ರಶ್ನೆ

ಬೆಂಗಳೂರಿನ ಓದುಗರಿಗೆ ಈ ಚರ್ಚೆ ಪರಕೀಯವೇನಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1984ರ ಹಂಚಿಕೆ ನಿಯಮಗಳನ್ವಯ ನಿವೇಶನಗಳನ್ನು ಹತ್ತು ವರ್ಷಗಳ ಗುತ್ತಿಗೆ ಸಹಿತ ಕ್ರಯದ ಕರಾರಿನ ಮೇಲೆ ಹಂಚುತ್ತಿದ್ದುದು ಅನೇಕ ಕುಟುಂಬಗಳ ಅನುಭವ. ಆ ಅವಧಿಯಲ್ಲಿ ಪರಭಾರೆ ಮಾಡುವಂತಿರಲಿಲ್ಲ. ಅವಧಿ ಮುಗಿದು ಕ್ರಯಪತ್ರ ಕೈಸೇರಿದ ಮೇಲೆ ನಿವೇಶನ ಮಾರುಕಟ್ಟೆಯ ಸೊತ್ತು. ರಿಯಾಯಿತಿ ದರದ ಪ್ರಯೋಜನ ಮೊದಲ ಹಂಚಿಕೆದಾರನಿಗೆ ಪೂರ್ತಿ ಸಂದು ಅಲ್ಲಿಗೆ ಮುಗಿಯುತ್ತದೆ. ಅದೇ ಬಡಾವಣೆಯಲ್ಲಿ ಇಪ್ಪತ್ತು ವರ್ಷಗಳ ನಂತರ ಮನೆ ಅರಸುವ ಗುಮಾಸ್ತನಿಗೋ ದಾದಿಗೋ ಅದರಿಂದ ಏನೂ ಉಳಿದಿರುವುದಿಲ್ಲ. ಬರ್ಲಿಂಗ್ಟನ್ನಿನಲ್ಲಿ ನಿರ್ಬಂಧಕ್ಕೆ ಕೊನೆಯ ದಿನಾಂಕವಿಲ್ಲ, ಆದ್ದರಿಂದ ಪ್ರಯೋಜನಕ್ಕೂ ಕೊನೆಯಿಲ್ಲ. ಎರಡು ಪದ್ಧತಿಗಳ ನಡುವಿನ ಮುಖ್ಯ ವ್ಯತ್ಯಾಸ ಇಷ್ಟೇ.

ಇಲವಾಲದಲ್ಲಿ ಚರ್ಚೆಯಾದ ವಿಚಾರ ಈ ನೆಲದಲ್ಲಿ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ದಾನವಾಗಿ ಘೋಷಿತವಾದ ನೆಲದಲ್ಲಿ ಬಹುಪಾಲು ಬಡವರ ಕೈಸೇರಲೇ ಇಲ್ಲ. ದಾನಿಯ ಸದ್ಭಾವನೆಯನ್ನು ನಂಬಿದ ಆ ಚಳವಳಿಗೆ ಬರಹದ ಕರಾರು, ಬೆಲೆಯ ಸೂತ್ರ, ನಿತ್ಯ ಲೆಕ್ಕ ನೋಡುವ ಕಚೇರಿಗಳು ಬೇಕಾದಷ್ಟು ಇರಲಿಲ್ಲ. ಸಮುದ್ರ ದಾಟಿದ ಅದೇ ವಿಚಾರಕ್ಕೆ ಬರ್ಲಿಂಗ್ಟನ್ನಿನ ಟ್ರಸ್ಟ್ ಒದಗಿಸಿದ್ದು ಇವನ್ನೇ. ಅಲ್ಲಿ ಮನೆಯ ಬೀಗದಕೈ ಪಡೆಯುವ ಪ್ರತಿ ಕುಟುಂಬವೂ ತನ್ನ ನಂತರ ಬರಲಿರುವ ಅಪರಿಚಿತ ಕುಟುಂಬವೊಂದಕ್ಕೂ ಜಾಗ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುತ್ತದೆ.